ಹೊಳೆ ದಾಟಿಸಿದ ಬೆಕ್ಕು

ನಮ್ಮ ಕಡೆ ಬೆಕ್ಕು ತೊಲಗಬೇಕು ಅಂದರೆ ಹೊಳೆ ದಾಟಿಸಬೇಕು. ಚೀಲಕ್ಕೆ ಹಾಕಿಕೊಂಡು ಹೋಗಿ ಎರಡು ಬೀದಿ ಆಚೆ ಬಿಟ್ಟರೆ ಪ್ರಯೋಜನ ಇಲ್ಲ. ನೀವು ವಾಪಸ್ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅದು ಒಲೆ ಪಕ್ಕ ಕೂತು ಮೈ ನೆಕ್ಕುತ್ತಿರುತ್ತದೆ. ನೀರು ದಾಟಿತೋ, ದಾರಿ ಮರೆಯುತ್ತದೆ. ಇದು ನಮ್ಮವ್ವನ ಶಾಸ್ತ್ರ. ಅವರವ್ವನದ್ದೂ ಇದೇ ಆಗಿತ್ತಂತೆ.

ಶ್ರೀರಂಗಪಟ್ಟಣದವರಿಗೆ ಇದೇನು ದೊಡ್ಡ ಕೆಲಸವಲ್ಲ. ಊರೇ ಒಂದು ದ್ವೀಪ. ಪಶ್ಚಿಮದಲ್ಲಿ ಕಾವೇರಿ ಎರಡು ಕವಲಾಗಿ, ಊರನ್ನ ಎರಡೂ ಕಡೆಯಿಂದ ತಬ್ಬಿಕೊಂಡು, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಈ ತುದಿಯಿಂದ ಆ ತುದಿಗೆ ಸುಮಾರು ಐದು ಕಿಲೋಮೀಟರ್. ಮೈಸೂರಿಗೆ ಹೋಗಲಿ, ಮಂಡ್ಯಕ್ಕೆ ಹೋಗಲಿ, ನೀರು ದಾಟಲೇಬೇಕು. ಆದರೂ ನಾವು ಯಾರೂ ನಮ್ಮನ್ನ ದ್ವೀಪದವರು ಅಂದುಕೊಳ್ಳುವುದಿಲ್ಲ. ದ್ವೀಪ ಅಂದರೆ ಲಕ್ಷದ್ವೀಪ, ಅಂಡಮಾನ್. ನಮ್ಮದು ಸುಮ್ನೆ ಪಟ್ಣ.

ನಾನು ಇದೇ ಪಟ್ಣದ ಗಂಜಾಂನವನು. ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಪಹಣಿ ಪ್ರಿಂಟು, ಆಧಾರ್ ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಇವೇ ನನ್ನ ಬದುಕು. ಬೆಕ್ಕಿನ ವಿಷಯ ಬರೆಯೋಕೆ ನಿನಗೇನು ಅರ್ಹತೆ ಅಂತ ಕೇಳಿದರೆ, ಒಂದು ತಪ್ಪು ಮಾಡಿದ್ದೇನೆ, ಅದೇ ಅರ್ಹತೆ.

1989ರ ಬೇಸಿಗೆ. ನನಗೆ ಹನ್ನೆರಡು. ಮನೆಯಲ್ಲಿದ್ದ ಬೂದು ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು, ಅದೂ ಯುಗಾದಿ ಹಿಂದಿನ ದಿನ. ಅದಕ್ಕೆ ಮುಂಚೆ ಹಾಲು ಕುಡಿದಿತ್ತು, ಮರಿಕೋಳಿ ಎತ್ತಿತ್ತು, ಎಲ್ಲ ಮಾಫಿ ಆಗಿತ್ತು. ಮೊಸರು ಮಾತ್ರ ಮಾಫಿ ಆಗಲಿಲ್ಲ. ಅವ್ವ ತನ್ನ ತಮ್ಮನನ್ನ ಕರೆದು, “ಹಾಳಾದ್ದನ್ನ ಹೊಳೆ ದಾಟ್ಸಿ ಬುಟ್ಬುಟ್ಟು ಬಾ ಅತ್ಲಾಗೆ” ಅಂದರು. ಮಾವನಿಗೆ ತೆಪ್ಪ ಇತ್ತು, ಮೀನು ಹಿಡಿಯುತ್ತಿದ್ದ. ಚೀಲ ಹಿಡಿದುಕೊಳ್ಳೋಕೆ ಒಬ್ಬ ಬೇಕಲ್ಲ, ನಾನು ಹೋದೆ.

ನಡುಹೊಳೆಯಲ್ಲಿ ಒಂದು ತಿಟ್ಟು ಇತ್ತು. ಎರಡು ಕಣ ಸೇರಿಸಿದಷ್ಟು ಜಾಗ. ಅರ್ಧ ಬಂಡೆ, ಅರ್ಧ ಮರಳು, ಒಂದಷ್ಟು ಜೊಂಡು, ಒಂದು ಸೊಟ್ಟ ಹೊಂಗೆಮರ. ಮಾವ ತೆಪ್ಪವನ್ನ ಅಲ್ಲಿಗೇ ತಿರುಗಿಸಿದ. ಆಚೆ ದಡಕ್ಕೆ ಅಲ್ವಾ ಅಂತ ಕೇಳಿದೆ. “ಆ ದಡಕ್ಕೆ ಬುಟ್ರೆ ಸೇತುವೆ ಮೇಲೇ ನಡ್ಕೊಂಡು ಬತ್ತದೆ ಕಣ್ಲಾ ಅಳಿಯ, ಇಲ್ಲೇ ಇರ್ಲಿ” ಅಂದ. ನಿಜ ಹೇಳಬೇಕು ಅಂದರೆ ಅವನಿಗೆ ಹುಟ್ಟು ಹಾಕೋಕೆ ಸೋಮಾರಿತನ.

ತಿಟ್ಟಿನ ಮೇಲೆ ಕಾಲಿಡುತ್ತಿದ್ದಂತೆ ಹಕ್ಕಿಗಳು ತಲೆ ಮೇಲೆ ಎರಗೋಕೆ ಶುರು ಮಾಡಿದವು. ನಾವು ಹುಡುಗರು ಹೊಳೆಹಕ್ಕಿ ಅಂತಿದ್ದೆವು. ರಿವರ್ ಟರ್ನ್ ಅನ್ನೋ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಬೂದು ಬೆನ್ನು, ಕವಲು ಬಾಲ, ಹಳದಿ ಕೊಕ್ಕು, ಕೆಂಪು ಕಾಲು. ತಲೆ ಮೇಲೆ ಕಪ್ಪು ಟೋಪಿ ಇಟ್ಟ ಹಾಗೆ. ಏಳೆಂಟು ಜೋಡಿ ಇದ್ದವು. ಗೂಡು ಅಂತ ಕಟ್ಟುವುದಿಲ್ಲ, ಮರಳಿನಲ್ಲಿ ಅಂಗೈ ಅಗಲ ತಗ್ಗು ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತವೆ. ಮೊಟ್ಟೆಗೂ ಮರಳಿಗೂ ಒಂದೇ ಬಣ್ಣ, ಮೇಲೆ ಕಂದು ಚುಕ್ಕೆ. ತುಳಿದೇಬಿಡುತ್ತೇವೇನೋ ಅನ್ನುವಷ್ಟು ಕಾಣುವುದಿಲ್ಲ. ನಾನು ಚೀಲದ ಬಾಯಿ ಬಿಚ್ಚಿದೆ. ಬೆಕ್ಕು ಹೊರಗೆ ಬರಲಿಲ್ಲ. ಚೀಲದ ಮೂಲೆ ಹಿಡಿದು ಕೊಡವಿದೆ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಜೊಂಡಿನೊಳಗೆ ನುಗ್ಗಿತು. ಹಕ್ಕಿಗಳು ನಮ್ಮನ್ನೇ ಬಯ್ಯುತ್ತಿದ್ದವು. ಬೆಕ್ಕನ್ನ ನೋಡಲೇ ಇಲ್ಲ.

ಹತ್ತು ಹನ್ನೊಂದು ದಿನ ಬಿಟ್ಟು ಮಾವನ ಜೊತೆ ಬಲೆ ಎತ್ತೋಕೆ ಹೋದಾಗ, ಹಾಗೇ ನೋಡಿಕೊಂಡು ಬರೋಣ ಅಂದೆ. ಈ ಸಲ ಯಾರೂ ತಲೆ ಮೇಲೆ ಎರಗಲಿಲ್ಲ. ಮರಳ ಮೇಲೆ ರೆಕ್ಕೆಗಳು ಬಿದ್ದಿದ್ದವು. ಬಿಡಿ ಬಿಡಿ ಗರಿ ಅಲ್ಲ. ಎಡಗಡೆ ರೆಕ್ಕೆ, ಬಲಗಡೆ ರೆಕ್ಕೆ, ನಡುವೆ ಎದೆಮೂಳೆ, ಅದರಲ್ಲಿ ಒಂದು ಚೂರು ಮಾಂಸ ಇಲ್ಲ. ಯಾರೋ ಹಕ್ಕಿಯ ಅಂಗಿ ಬಿಚ್ಚಿ ಒಣಗಲು ಹಾಕಿದ ಹಾಗೆ. ಒಂದು ಕಡೆ ಬರೀ ತಲೆ, ಕಪ್ಪು ಟೋಪಿ ಹಾಗೇ ಇತ್ತು. ಮೊಟ್ಟೆಗಳನ್ನ ಬೆಕ್ಕು ಮುಟ್ಟಿರಲಿಲ್ಲ. ಒಂದನ್ನ ಕೈಗೆ ತಗೊಂಡೆ. ಏಪ್ರಿಲ್ ಬಿಸಿಲಲ್ಲೂ ಅಡಿಭಾಗ ತಣ್ಣಗಿತ್ತು. ಇನ್ನೊಂದು ಒಡೆದು ಇರುವೆ ಹತ್ತಿತ್ತು.

ಬೆಕ್ಕು ಬಂಡೆ ಮೇಲಿನಿಂದ ಇಳಿದು ಬಂತು. ಬಾಲ ನೆಟ್ಟಗೆ ಎತ್ತಿಕೊಂಡು ಬಂದು ನನ್ನ ಕಾಲಿಗೆ ಮೈ ತಿಕ್ಕಿತು. ದಪ್ಪ ಆಗಿತ್ತು. “ಎಂಗೆ ಸೊಂಪಾಗವ್ಳೆ ನೋಡ್ಲಾ” ಅಂತ ಮಾವ ನಕ್ಕ. ವಾಪಸ್ ಕರ್ಕೊಂಡು ಹೋಗೋಣ ಅಂದೆ. ನಿಮ್ಮವ್ವ ನನ್ನ ಚರ್ಮ ಸುಲೀತಾಳೆ ಅಂದ. ಬಿಟ್ಟು ಬಂದೆವು. ಅದು ನೀರಿನ ಅಂಚಿನ ತನಕ ಬಂದು ಕೂಗಿತು. ಮಳೆಗಾಲಕ್ಕೆ ಹೊಳೆ ಏರಿತು, ತಿಟ್ಟು ಮುಳುಗಿತು. ಬೆಕ್ಕು ಏನಾಯಿತು ಅಂತ ನಾನು ಯಾರನ್ನೂ ಕೇಳಲಿಲ್ಲ.

ಕೇಳದೆ ಇದ್ದದ್ದು ಅಷ್ಟು ವರ್ಷ ಹಾಗೇ ಒಳಗೆ ಕೂತಿತ್ತು. ಹೋದ ವರ್ಷ ಅಂಗಡಿಗೆ ಒಬ್ಬಳು ಹುಡುಗಿ ಬಂದಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ. ಪೆನ್ ಡ್ರೈವ್ ಕೊಟ್ಟು, “ಅಣ್ಣಾ, ಸೆಮಿನಾರ್‌ದು, ಎರಡು ಸೆಟ್, ಒಂದು ಕಲರ್” ಅಂದಳು. ಕಲರ್ ಪ್ರಿಂಟರ್ ಪೇಪರ್ ನುಂಗಿಕೊಂಡು ಕೂತಿತು. ಆಕೆ ಕೂಲ್‌ಡ್ರಿಂಕ್ಸ್ ಕುಡಿದು ಬರ್ತೀನಿ ಅಂತ ಹೋದಳು. ನನಗೊಂದು ಚಟ, ಪ್ರಿಂಟಿಗೆ ಬಂದದ್ದನ್ನೆಲ್ಲ ಓದುವುದು. ವಿಚ್ಛೇದನದ ನೋಟಿಸಿನಿಂದ ಹಿಡಿದು ಜಾತಕದ ತನಕ ಓದಿದ್ದೇನೆ, ಯಾರಿಗೂ ಹೇಳುವುದಿಲ್ಲ ಅಷ್ಟೇ. ಇದರಲ್ಲಿ ಮೊದಲ ಪುಟದಲ್ಲೇ ಬೆಕ್ಕಿನ ಫೋಟೊ. ದ್ವೀಪಗಳಲ್ಲಿ ಬೆಕ್ಕುಗಳು ಏನು ಮಾಡಿವೆ ಅನ್ನೋದು ವಿಷಯ. ಪ್ರಿಂಟರ್ ಸರಿಹೋಯಿತು, ನಾನು ಸರಿಹೋಗಲಿಲ್ಲ. ಆಮೇಲೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲೆಲ್ಲ ಅದೇ ಹುಡುಕಿ ಓದುವುದಾಯಿತು.

ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕಥೆ ಓದಿದಾಗ ನನಗೆ ನಮ್ಮ ತಿಟ್ಟು ಕಣ್ಣ ಮುಂದೆ ಬಂತು. ದ್ವೀಪ ಅಂದರೆ ದೊಡ್ಡದೇನಲ್ಲ. ಒಂದೂವರೆ ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 370 ಎಕರೆ. ಅಲ್ಲೊಂದು ಸಣ್ಣ ಹಕ್ಕಿ ಇತ್ತು. ಹಾರುತ್ತಿರಲಿಲ್ಲ. ಸಂಜೆ ಹೊತ್ತು ಬಂಡೆಗಳ ಸಂದಿಯಲ್ಲಿ ಇಲಿಮರಿ ಓಡಿದ ಹಾಗೆ ಓಡುತ್ತಿತ್ತಂತೆ. ಹಿಂದೆ ನ್ಯೂಜಿಲೆಂಡಿನ ದೊಡ್ಡ ನೆಲದ ಮೇಲೂ ಇದ್ದ ಹಕ್ಕಿಯೇ ಅದು. ಜನರ ದೋಣಿಗಳ ಜೊತೆ ಬಂದ ಇಲಿಗಳು ಅಲ್ಲಿ ಮುಗಿಸಿದ್ದವು. ಇಲಿ ಮುಟ್ಟದ ಈ ದ್ವೀಪ ಒಂದೇ ಉಳಿದಿತ್ತು. 1894ರಲ್ಲಿ ಅಲ್ಲಿ ಲೈಟ್‌ಹೌಸ್ ಶುರುವಾಯಿತು. ಕಾವಲುಗಾರರು, ಅವರ ಸಂಸಾರ, ಸಂಸಾರದ ಜೊತೆ ಬೆಕ್ಕು. ಆ ಬೆಕ್ಕು ಒಂದೊಂದೇ ಹಕ್ಕಿ ಹಿಡಿದು ತಂದು ಹಾಕಿತು. ಡೇವಿಡ್ ಲೈಯಲ್ ಅನ್ನೋ ಸಹಾಯಕ ಕಾವಲುಗಾರನಿಗೆ ಇದು ಬೇರೇನೋ ಹಕ್ಕಿ ಅನ್ನಿಸಿ ಚರ್ಮ ಸುಲಿದು, ಒಣಗಿಸಿ ಕಳಿಸಿದ. ಇಂಗ್ಲೆಂಡಿನ ಶ್ರೀಮಂತ ವಾಲ್ಟರ್ ರಾತ್‌ಸ್ಚೈಲ್ಡ್ ಅದೇ ವರ್ಷ ಅದಕ್ಕೆ ಲೈಯಲ್‌ನ ಹೆಸರೇ ಇಟ್ಟ. ನಾಮಕರಣ ಆಗುವಷ್ಟರಲ್ಲಿ ತಿಥಿಯೂ ಹತ್ತಿರ ಬಂದಿತ್ತು. 1895ರ ಹೊತ್ತಿಗೆ ಹುಡುಕಿದರೂ ಸಿಗಲಿಲ್ಲ. ಲೈಯಲ್ ಕೂಡ ಜೀವಂತ ಹಕ್ಕಿಯನ್ನ ನೋಡಿದ್ದು ಎರಡೇ ಸಲ. ಮಿಕ್ಕಿದ್ದೆಲ್ಲ ಬೆಕ್ಕಿನ ಬಾಯಿಂದ ಬಂದದ್ದು. ಈಗ ಪ್ರಪಂಚದ ಮ್ಯೂಸಿಯಂಗಳನ್ನೆಲ್ಲ ಸೇರಿಸಿದರೆ ಹದಿನೈದು ಚಿಲ್ಲರೆ ಒಣ ಹಕ್ಕಿ ಇವೆ, ಅಷ್ಟೇ.

ಒಂದೇ ಬೆಕ್ಕು ಒಂದು ಜಾತಿಯನ್ನೇ ಮುಗಿಸಿತು ಅಂತ ಇದನ್ನ ಹೇಳುವವರು ಜಾಸ್ತಿ. ಆ ಬೆಕ್ಕಿಗೆ ಟಿಬಲ್ಸ್ ಅಂತ ಹೆಸರೂ ಇಟ್ಟಿದ್ದಾರೆ. ಆದರೆ ಬೆಕ್ಕು ಒಂದೇ ಇರಲಿಲ್ಲ. ಮರಿ ಹಾಕಿ, ಮರಿ ಮರಿ ಹಾಕಿ, ದ್ವೀಪ ತುಂಬಿದ್ದವು. ಕೊನೆಯ ಬೆಕ್ಕನ್ನ ತೆಗೆಯುವ ಹೊತ್ತಿಗೆ 1925 ಆಗಿತ್ತು. ನನಗೆ ಈ ಒಂಟಿ ಬೆಕ್ಕಿನ ಕಥೆ ಯಾಕೆ ಇಷ್ಟವಾಗಲ್ಲ ಅಂದರೆ, ಅದರಲ್ಲಿ ತಪ್ಪೆಲ್ಲ ಬೆಕ್ಕಿನ ತಲೆಗೆ ಹೋಗುತ್ತದೆ. ಚೀಲ ಬಿಚ್ಚಿದವನು ಚಿತ್ರದಲ್ಲೇ ಇರುವುದಿಲ್ಲ.

ಇನ್ನೊಂದು ಮೇರಿಯನ್ ದ್ವೀಪ. ದಕ್ಷಿಣ ಆಫ್ರಿಕಾಕ್ಕೆ ಸೇರಿದ್ದು, ಕೆಳಗೆ ಚಳಿ ಸಮುದ್ರದಲ್ಲಿ ಇದೆ. ಅಲ್ಲಿ ಹವಾಮಾನ ಕೇಂದ್ರ ಇಟ್ಟವರಿಗೆ ಇಲಿ ಕಾಟ. ಐದು ಬೆಕ್ಕು ತಂದರು. ಇದು 1949ರ ಸುಮಾರಿನ ಮಾತು. ಚಕ್ರಬಡ್ಡಿ ಅಂದರೆ ಏನು ಅಂತ ಮಕ್ಕಳಿಗೆ ಹೇಳಿಕೊಡಬೇಕಾದರೆ ಇದನ್ನೇ ಹೇಳಬಹುದು: 1977ಕ್ಕೆ ಐದು ಹೋಗಿ 3,400 ಆಗಿತ್ತು. ಅವು ತಿನ್ನುತ್ತಿದ್ದದ್ದು ಪೆಟ್ರೆಲ್ ಅನ್ನೋ ಕಡಲಹಕ್ಕಿ, ವರ್ಷಕ್ಕೆ ನಾಲ್ಕೂವರೆ ಲಕ್ಷ. ಈ ಪೆಟ್ರೆಲ್ ನೆಲದಲ್ಲಿ ಬಿಲ ತೋಡಿ ಗೂಡು ಮಾಡುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ಲಕ್ಷಾಂತರ ವರ್ಷ ಆ ನೆಲದ ಮೇಲೆ ನಾಲ್ಕು ಕಾಲಿನ ಶತ್ರುವನ್ನೇ ಕಂಡಿರಲಿಲ್ಲ. ಬೆಕ್ಕು ಬಿಲದ ಬಾಯಲ್ಲಿ ಕಾದು ಕೂತರೆ ಸಾಕು.

ಸರಿ, ಬೆಕ್ಕು ತೆಗೆಯಬೇಕು ಅಂತಾಯಿತು. ತರೋದು ಒಂದು ಹಡಗಿನ ಕೆಲಸ, ತೆಗೆಯೋದು ಒಂದು ತಲೆಮಾರಿನ ಕೆಲಸ. ಮೊದಲು ಬೆಕ್ಕುಗಳಿಗೆ ಬರುವ ಒಂದು ವೈರಸ್ ಕಾಯಿಲೆ ಬಿಟ್ಟರು. 1982ರ ಹೊತ್ತಿಗೆ ಆರುನೂರು ಚಿಲ್ಲರೆಗೆ ಇಳಿಯಿತು. ಮಿಕ್ಕವಕ್ಕೆ ಕಾಯಿಲೆ ನಾಟಲಿಲ್ಲ. ಆಮೇಲೆ ರಾತ್ರಿ ಹೊತ್ತು ಬ್ಯಾಟರಿ ಬೆಳಕು ಬಿಟ್ಟುಕೊಂಡು, ಹೊಳೆಯುವ ಕಣ್ಣು ನೋಡಿ ಗುಂಡು ಹೊಡೆದರು. ಆಮೇಲೆ ಹುಟ್ಟಿದ ಮರಿಗಳೂ ಸೇರಿ ಎಂಟುನೂರಕ್ಕೂ ಜಾಸ್ತಿ ಹೀಗೆ ಸತ್ತವು. ಬೋನು ಇಟ್ಟರು. 1991ಕ್ಕೆ ಮುಗಿಯಿತು. ಮುಗಿಯಿತು ಅಂದರೆ ಬೆಕ್ಕು ಮುಗಿಯಿತು. ಇಲಿ? ಇದೆ. ಈಗ ಆ ಇಲಿಗಳು ರಾತ್ರಿ ಆಲ್ಬಟ್ರಾಸ್ ಮರಿಗಳ ಮೈ ಮೇಲೆ ಹತ್ತಿ, ಜೀವ ಇರುವಾಗಲೇ ಕಡಿದು ತಿನ್ನುತ್ತಿವೆ. ಅಷ್ಟು ದೊಡ್ಡ ಹಕ್ಕಿ, ಕೊಡವಿಕೊಳ್ಳಬೇಕು ಅಂತಲೂ ಅದಕ್ಕೆ ತೋಚುವುದಿಲ್ಲ. ಹೆಲಿಕಾಪ್ಟರ್‌ನಿಂದ ದ್ವೀಪಕ್ಕೆಲ್ಲ ವಿಷದ ಕಾಳು ಉದುರಿಸಬೇಕು ಅಂತ ಈಗ ದುಡ್ಡು ಸೇರಿಸುತ್ತಿದ್ದಾರೆ.

ಇದನ್ನ ಒಂದು ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ ಹೇಳಿದೆ. ಮುದ್ದೆ ಮುರಿಯುತ್ತಾ ಎಲ್ಲ ಕೇಳಿಸಿಕೊಂಡರು. “ಇಲಿ ಹಿಡಿಯಾಕೆ ತಂದ್ರು, ಇಲಿ ಬುಟ್ಟು ಮಿಕ್ಕಿದ್ದೆಲ್ಲ ಹಿಡೀತು ಅನ್ನು” ಅಂದರು. ಆಮೇಲೆ, “ಬೆಕ್ಕು ಹಕ್ಕಿ ಹಿಡೀದೆ ಇನ್ನೇನ್ಲಾ, ಕೂತ್ಕೊಂಡು ಪುರಾಣ ಓದ್ತದಾ?” ಅಂತ ಒಂದು ಬಿಟ್ಟರು. ಎರಡೂ ಸರಿ.

ದ್ವೀಪಕ್ಕೂ ಊರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ನಮ್ಮ ಗಂಜಾಂನ ಅಂಜೂರದ ಗಿಡದ ಮೇಲೆ ಕೂರುವ ಪಿಕಳಾರಕ್ಕೆ ಬೆಕ್ಕು ಹೊಸದಲ್ಲ. ಅದರ ಮುತ್ತಜ್ಜಿಯ ಮುತ್ತಜ್ಜಿಯ ಕಾಲದಿಂದ ಮುಂಗುಸಿ, ಕೇರೆಹಾವು, ಕಾಡುಬೆಕ್ಕು, ಗಿಡುಗ ಎಲ್ಲವನ್ನೂ ಕಂಡಿದೆ. ಬೆಕ್ಕು ಕಾಂಪೌಂಡ್ ಮೇಲೆ ಕಾಣಿಸಿದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಸತ್ತರೆ ಒಂದು ಸಾಯುತ್ತದೆ, ಪಕ್ಕದ ತೋಟದಿಂದ ಇನ್ನೊಂದು ಬಂದು ಕೂರುತ್ತದೆ. ದ್ವೀಪದ ಹಕ್ಕಿಗೆ ಪಕ್ಕದ ತೋಟ ಇಲ್ಲ. ಆ ಲೆಕ್ಕದಲ್ಲೇ ನೋಡಿದರೆ ಒಂದು ಅಂಕಿ ಅರ್ಥ ಆಗುತ್ತದೆ. ಪ್ರಪಂಚದಲ್ಲಿ ಈಚಿನ ಶತಮಾನಗಳಲ್ಲಿ ನಾಮಾವಶೇಷ ಆದ ಹಕ್ಕಿ, ಸಸ್ತನಿ, ಸರೀಸೃಪಗಳಲ್ಲಿ ನೂರಕ್ಕೆ 14ರಷ್ಟರಲ್ಲಿ ದ್ವೀಪಗಳಿಗೆ ಹೋದ ಬೆಕ್ಕಿನ ಕೈವಾಡ ಇದೆ ಅಂತ 2011ರಲ್ಲಿ ಲೆಕ್ಕ ಹಾಕಿದರು. ಪೂರ್ತಿ ಬೆಕ್ಕೇ ಅಲ್ಲ, ಇಲಿ, ಕೊಡಲಿ, ಬಂದೂಕು ಎಲ್ಲ ಸೇರಿವೆ. ಆದರೂ ಕಮ್ಮಿ ಅಲ್ಲ.

ಇದೇ ಅಂಕಿಗಳನ್ನ ಎತ್ತಿಕೊಂಡು ನಮ್ಮ ಬೀದಿ ಬೆಕ್ಕುಗಳನ್ನೆಲ್ಲ ಹೊಡೆದು ಹಾಕಬೇಕು ಅನ್ನುವವರ ಜೊತೆ ನಾನಿಲ್ಲ. ಮೇರಿಯನ್ ಬೇರೆ, ಗಂಜಾಂ ಬೇರೆ. ಆದರೆ ಹೊಳೆಯ ನಡುವಿನ ತಿಟ್ಟು ಗಂಜಾಂ ಅಲ್ಲ. ಅದು ಮೇರಿಯನ್ ಕಡೆಗೆ ಸೇರಿದ್ದು.

ರಂಗನತಿಟ್ಟಿಗೆ ಹೋಗಿ ನೋಡಿ. ಹೆಸರಲ್ಲೇ ತಿಟ್ಟು ಇದೆ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡ ಕಟ್ಟೆ ಕಟ್ಟಿಸಿದಾಗ ಎದ್ದ ತಿಟ್ಟುಗಳು ಅವು. ಹೊಲಕ್ಕೆ ನೀರು ಬರಲಿ ಅಂತ ಕಟ್ಟಿದ್ದು, ಹಕ್ಕಿಗೆ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ನೋಡಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ಪ್ರಪಂಚದ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತವರು ಮೊಸಳೆ ಕಂಡರೆ ಕಿರುಚುತ್ತಾರೆ. ನನಗೆ ಈಗ ಮೊಸಳೆ ಕಂಡರೆ ಕೊಕ್ಕರೆಗಳು ಸಂಬಳ ಇಲ್ಲದೆ ಇಟ್ಟುಕೊಂಡ ವಾಚ್‌ಮ್ಯಾನ್ ಅನ್ನಿಸುತ್ತದೆ. ದಡದಲ್ಲಿ ಅಷ್ಟೊಂದು ಮರ ಇದ್ದರೂ ಹಕ್ಕಿಗಳು ತಿಟ್ಟಿಗೇ ಯಾಕೆ ಮುಗಿಬೀಳುತ್ತವೆ? ಸುತ್ತ ಇರುವ ನೀರೇ ಅವಕ್ಕೆ ಬೇಲಿ. ನಾನೂ ಮಾವನೂ ಅವತ್ತು ಆ ಬೇಲಿಯೊಳಕ್ಕೆ ಬೆಕ್ಕನ್ನ ತೆಪ್ಪದಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟಿದ್ದು.

ಒಳ್ಳೆಯ ಸುದ್ದಿ ಒಂದೂ ಇಲ್ಲವಾ ಅಂದರೆ, ಇದೆ. ಅಟ್ಲಾಂಟಿಕ್ ನಡುವೆ ಅಸೆನ್ಶನ್ ಅಂತ ಒಂದು ಬೆಂಕಿಬೆಟ್ಟದ ದ್ವೀಪ. 1815ರಲ್ಲಿ ಬ್ರಿಟಿಷ್ ಸೈನ್ಯ ಬಂದು ಕೂತ ಮೇಲೆ ಅಲ್ಲಿಗೂ ಇಲಿ ಹಿಡಿಯೋಕೆ ಅಂತ ಬೆಕ್ಕು ಬಂತು. ಲಕ್ಷಾಂತರ ಕಡಲಹಕ್ಕಿ ಇದ್ದದ್ದು, ಕೊನೆಗೆ ಬಹುಪಾಲು ಜಾತಿಗಳು ಪಕ್ಕದಲ್ಲಿ ಎದ್ದು ನಿಂತ ಒಂದು ಸಣ್ಣ ಬಂಡೆದ್ವೀಪಕ್ಕೆ ಸೇರಿಕೊಂಡವು. ಬೆಕ್ಕು ಈಜಿ ಹತ್ತಲಾರದ ಜಾಗ. ಕಾಡುಬಿದ್ದ ಬೆಕ್ಕುಗಳನ್ನೆಲ್ಲ ತೆಗೆದು 2006ರಲ್ಲಿ ಘೋಷಣೆ ಮಾಡಿದರು. ಮನೆಬೆಕ್ಕುಗಳಿಗೆ ಆಪರೇಷನ್ ಮಾಡಿಸಿ ಗುರುತು ಹಾಕಿ ಉಳಿಸಿಕೊಂಡಿದ್ದರು. ಆದರೂ ವಿಷಕ್ಕೂ ಬೋನಿಗೂ ಕೆಲವು ಸಾಕಿದ ಬೆಕ್ಕುಗಳೂ ಬಲಿಯಾದವಂತೆ. ಸಾಕಿದವರ ಹೊಟ್ಟೆ ಎಷ್ಟು ಉರಿದಿರಬೇಡ. 2012ರಲ್ಲಿ ಫ್ರಿಗೇಟ್ ಹಕ್ಕಿಗಳು ಆ ಬಂಡೆ ಬಿಟ್ಟು ದೊಡ್ಡ ದ್ವೀಪಕ್ಕೆ ಬಂದು ಮೊಟ್ಟೆ ಇಟ್ಟವು. ನೂರೈವತ್ತು ವರ್ಷಕ್ಕೂ ಮೇಲೆ ಪಕ್ಕದ ಮನೆಯಲ್ಲಿ ಕಾದಿದ್ದು, ಮೊದಲಿನ ಮನೆಗೆ ವಾಪಸ್.

ಈಗ ನಮ್ಮನೆ ವಿಷಯ. ನಮ್ಮನೆಯಲ್ಲಿ ಈಗಿರುವವಳು ಸುಬ್ಬಿ. ಕಪ್ಪು ಬಿಳುಪು, ಮೂಗಿನ ಮೇಲೆ ಒಂದು ಮಸಿ ಬೊಟ್ಟು. ಓದಿದ್ದೆಲ್ಲ ತಲೆಗೆ ಹತ್ತಿದ ಮೇಲೆ ಇವಳದ್ದೂ ಒಂದು ಲೆಕ್ಕ ಇಡೋಣ ಅನ್ನಿಸಿತು. ಅಡುಗೆಮನೆ ಬಾಗಿಲ ಪಕ್ಕ ಹಾಲಿನ ಲೆಕ್ಕದ ಕ್ಯಾಲೆಂಡರ್ ನೇತುಹಾಕಿದ್ದೇವೆ. ನನ್ನ ಹೆಂಡತಿ ಅದರಲ್ಲಿ “1 ಲೀ”, “ಇಲ್ಲ”, “½ ಜಾಸ್ತಿ” ಅಂತ ಬರೆಯುತ್ತಾಳೆ. ಅದರ ಕೆಳಗೆ ನಾನು ಕೆಂಪು ಪೆನ್ನಲ್ಲಿ ಬರೆಯೋಕೆ ಶುರು ಮಾಡಿದೆ. ಡಿಸೆಂಬರಿಂದ ಫೆಬ್ರವರಿ ತನಕ ಮೂರು ತಿಂಗಳು: ಇಲಿ 19, ಹಾವುರಾಣಿ 11, ಹಲ್ಲಿ 8, ಅಳಿಲುಮರಿ 2, ಪಿಕಳಾರ 3, ಸೂರಕ್ಕಿ 1, ಕಪ್ಪೆ 1 (ಅದನ್ನ ಬಾಯಲ್ಲಿ ನೊರೆ ತಂದುಕೊಂಡು ಉಗಿದಳು, ಮತ್ತೆ ಮುಟ್ಟಲಿಲ್ಲ). ಇದು ಮನೆಗೆ ತಂದದ್ದು ಮಾತ್ರ. ಹೊರಗೇ ತಿಂದು ಬಾಯಿ ಒರೆಸಿಕೊಂಡು ಬಂದದ್ದು ಈ ಲೆಕ್ಕದಲ್ಲಿಲ್ಲ. “ನೋಡಿ, ಹಾಲಿನವನು ಇದನ್ನ ನೋಡಿದರೆ ನಾವು ಹಾವುರಾಣಿ ತಗೋತೀವಿ ಅಂದ್ಕೊತಾನೆ” ಅಂತ ಹೆಂಡತಿ ಗೊಣಗಿದಳು.

ಇಲಿ 19 ಅಂದಾಗ ಅವ್ವ ನನ್ನ ಮುಖ ನೋಡಿದ ರೀತಿ ಹೇಳೋಕೆ ಆಗಲ್ಲ. ಗೆದ್ದವರ ಮುಖ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಗಾದೆ ಇದೆಯಲ್ಲ, ನಾನು ಕಟ್ಟಿದೆ. ನಿಮಿಷಾಂಬ ದೇವಸ್ಥಾನದ ಹತ್ತಿರ ಇಪ್ಪತ್ತು ರೂಪಾಯಿಗೆ ಗೆಜ್ಜೆ ಸಿಕ್ಕಿತು. ಒಂದು ವಾರ ಸುಬ್ಬಿ ಮದುವಣಗಿತ್ತಿ ಹಾಗೆ ಗಲ್ ಗಲ್ ಅಂತ ಓಡಾಡಿದಳು. ಎರಡನೇ ವಾರಕ್ಕೆ ಗೆಜ್ಜೆ ಸದ್ದಾಗದ ಹಾಗೆ ನಡೆಯೋದು ಕಲಿತಳು. ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಓದಿದರೆ, ಇಂಗ್ಲೆಂಡಿನಲ್ಲಿ 2021ರಲ್ಲಿ ಪರೀಕ್ಷೆ ಮಾಡಿ ನೋಡಿದವರಿಗೂ ಗಂಟೆಯಿಂದ ಅಂಥ ಉಪಯೋಗ ಕಂಡಿರಲಿಲ್ಲ. ಆದರೆ ಮಾಂಸ ಜಾಸ್ತಿ ಇರುವ ಊಟ ಹಾಕಿದರೆ ಬೇಟೆ ತರುವುದು ನೂರಕ್ಕೆ 36 ಕಮ್ಮಿ ಆಯಿತಂತೆ. ದಿನಾ ಐದು ಹತ್ತು ನಿಮಿಷ ಜೊತೆಗೆ ಆಟ ಆಡಿದರೆ 25. ಅದಕ್ಕೆ ಹಾಲು ಅನ್ನ ನಿಲ್ಲಿಸಿ ಮೀನಿನ ತಲೆ ತರೋಕೆ ಶುರು ಮಾಡಿದೆ. ರಾತ್ರಿ ಅಂಗಡಿ ಮುಚ್ಚಿ ಬಂದು, ಬಾಳೆನಾರಿಗೆ ಒಂದು ಚೂರು ಪೇಪರ್ ಕಟ್ಟಿ ಹಜಾರದಲ್ಲಿ ಎಳೆಯುತ್ತೇನೆ. ನಲವತ್ತೆಂಟು ವರ್ಷದ ಗಂಡಸು ಬಗ್ಗಿಕೊಂಡು ದಾರ ಎಳೆಯೋದನ್ನ ಎದುರುಮನೆಯವರು ಕಿಟಕಿಯಿಂದ ನೋಡುತ್ತಾರೆ. ನೋಡಲಿ. ಕತ್ತಲಾದ ಮೇಲೆ ಹೊರಗೆ ಬಿಡುವುದಿಲ್ಲ. ಮೊದಲ ನಾಲ್ಕು ರಾತ್ರಿ ಬಾಗಿಲು ಕೆರೆದು ಮನೆಯವರಿಗೆಲ್ಲ ಜಾಗರಣೆ ಮಾಡಿಸಿದಳು. ಈಗ ಒಗ್ಗಿಕೊಂಡಿದ್ದಾಳೆ. ಆಪರೇಷನ್ನೂ ಮಾಡಿಸಿದೆ. ಮಾರ್ಚ್ ತಿಂಗಳ ಕೆಂಪು ಪೆನ್ನು: ಇಲಿ 4, ಹಾವುರಾಣಿ 3. ಹಕ್ಕಿ ಇಲ್ಲ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಅಂತಲೇ ಅನ್ನಬೇಕು. ಮೊನ್ನೆ ಭಾನುವಾರ ನಮ್ಮ ಬೀದಿಯ ಒಬ್ಬರು ಗೋಣಿಚೀಲ ಹಿಡಿದುಕೊಂಡು ಅಂಗಡಿಗೆ ಬಂದರು. ಚೀಲ ಅಲ್ಲಾಡುತ್ತಿತ್ತು. ಮನೆ ರಿಪೇರಿ ಮಾಡಿಸುತ್ತಿದ್ದಾರೆ, ಅಟ್ಟದಲ್ಲಿ ಬೆಕ್ಕು ಸಂಸಾರ ಹೂಡಿತ್ತು, ತಾಯಿ ಮತ್ತೆ ಎರಡು ಬೆಳೆದ ಮರಿ. “ನಿಮ್ಮ ಮಾವನ್ ತೆಪ್ಪ ಐತಲ್ಲ, ಒಸಿ ಹೇಳಪ್ಪ, ದಾಟ್ಸಿ ಬುಡ್ಲಿ” ಅಂದರು. ನಾನು ಶುರು ಮಾಡಿದೆ. ಸ್ಟೀಫನ್ಸ್ ದ್ವೀಪ, ಲೈಟ್‌ಹೌಸು, ಐದು ಬೆಕ್ಕು, 3,400 ಬೆಕ್ಕು, ಆಲ್ಬಟ್ರಾಸು. ಏಪ್ರಿಲ್ ತಿಂಗಳು, ತಿಟ್ಟಲ್ಲಿ ಹಕ್ಕಿ ಮೊಟ್ಟೆ ಇಟ್ಟಿರುತ್ತೆ ಅಂದೆ. ಅವರು ಚೀಲವನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಳ್ಳುತ್ತಾ ಮರ್ಯಾದೆಯಿಂದ ಎಲ್ಲ ಕೇಳಿದರು. “ಆಯ್ತಪ್ಪ, ಬುಡು” ಅಂತ ಹೋದರು.

ಕಾಲು ಗಂಟೆ ಭಾಷಣ ಮಾಡಿದೆ. ಚೀಲ ಇಲ್ಲಿ ಕೊಡಿ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ.

ನಿನ್ನೆ ಹಾಲಿನ ಡೈರಿ ಹತ್ತಿರ ಸಿಕ್ಕರು. ಬೆಕ್ಕು ಏನಾಯ್ತು ಅಂದೆ. ಯಾರೋ ಮೀನು ಹಿಡಿಯೋ ಹುಡುಗರ ಕೈಗೆ ಕೊಟ್ಟರಂತೆ. ಆ ದಡಕ್ಕೆ ಬಿಟ್ಟರಾ ಅಂದೆ. “ಅಷ್ಟು ದೂರ ಯಾಕೋಯ್ತವೆ ಹೈಕ್ಳು” ಅಂದರು.

ರಾತ್ರಿ ಒಂಬತ್ತರ ಮೇಲೆ ಹೊಳೆ ಹತ್ತಿರ ಹೋದೆ. ನೀರು ಕಮ್ಮಿ ಇದೆ, ಬಂಡೆಗಳ ನಡುವೆ ಸದ್ದು ಮಾಡಿಕೊಂಡು ಹರಿಯುತ್ತಿದೆ. ಮೊಬೈಲ್ ಟಾರ್ಚ್ ಅಷ್ಟು ದೂರಕ್ಕೆ ಸಾಲದು ಅಂತ ಅಂಗಡಿಯಿಂದ ದೊಡ್ಡ ಬ್ಯಾಟರಿ ತಗೊಂಡು ಹೋಗಿದ್ದೆ. 1989ರ ತಿಟ್ಟು ಅದೇನಾ ಅಂತ ಈಗ ಹೇಳೋಕೆ ಬರಲ್ಲ, ಹೊಳೆ ಎಷ್ಟೋ ಸಲ ಎಲ್ಲ ಅಳಿಸಿ ಬರೆದಿದೆ. ಸೊಟ್ಟ ಹೊಂಗೆಮರ ಇಲ್ಲ. ಬೆಳಕನ್ನ ಜೊಂಡಿನ ಮೇಲೆ ಎಡದಿಂದ ಬಲಕ್ಕೆ ಬಿಟ್ಟೆ. ಏನಿಲ್ಲ. ಬಲದಿಂದ ಎಡಕ್ಕೆ ತಂದೆ. ಬಂಡೆಯ ಬುಡದಲ್ಲಿ ಎರಡು ಹಸಿರು ಚುಕ್ಕೆ. ಆಮೇಲೆ ಪಕ್ಕದಲ್ಲಿ ಇನ್ನೆರಡು. ಕತ್ತಲಲ್ಲಿ ಎಲ್ಲೋ ಒಂದು ಹಕ್ಕಿ ಎದ್ದು ಎರಡು ಸಲ ಕೂಗಿ ಸುಮ್ಮನಾಯಿತು.

ಮಾವನಿಗೆ ಈಗ ಎಪ್ಪತ್ತು ದಾಟಿದೆ, ಮಂಡಿನೋವು. ರಾತ್ರಿಯೇ ಫೋನ್ ಮಾಡಿದೆ. “ಯಾವ ಬೆಕ್ಕು? ಆ ಮೊಸ್ರು ಬೆಕ್ಕಾ?” ಅಂದ. ಮೂವತ್ತೈದು ವರ್ಷದ ಮೇಲಾಯಿತು, ಅವನಿಗೂ ನೆನಪಿದೆ. ಇದು ಬೇರೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಬೇಕು, ನೀನು ತೆಪ್ಪ ಹಿಡ್ಕೊ ಸಾಕು, ಹುಟ್ಟು ನಾನು ಹಾಕ್ತೀನಿ ಅಂದೆ. “ನೀನ್ ಹುಟ್ಟಾಕಿದ್ರೆ ಸಂಗಮಕ್ಕೇ ಹೋಗ್ ಸೇರ್ಕೊತೀವಿ” ಅಂದ. ಆದರೆ ಬರ್ತೀನಿ ಅಂದಿದ್ದಾನೆ.

ಮೀನಿನ ತಲೆ ಐದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಇವತ್ತು ಸುಬ್ಬಿಗೆ ಹಾಲು ಅನ್ನವೇ ಗತಿ. ಚೀಲ ಹುಡುಕುತ್ತಿದ್ದೆ, ಅವ್ವ ಒಳಗಿಂದ ತಂದು ಕೊಟ್ಟರು, ಗಾಳಿಯಾಡಲಿ ಅಂತ ಅಲ್ಲಲ್ಲಿ ಕುಡುಗೋಲಲ್ಲಿ ತೂತು ಮಾಡಿ.